ಗಾಮನ ಗೋರಿ

— ನಾ ಕೇಳೂದು ಒಂದ ಮಾತು. ಅದು ಗೋರಿ ಹೌದೋ ಅಲ್ಲೋ?

— ಹೌದ್ರಿ. ಗೋರೀನ.

— ಅಂದ್ರ ಬ್ಯಾಡಗಿ ಬಿಟ್ಟು, ದೇಶ ಬಿಟ್ಟು, ವಿಮಾನದಾಗ ಕಾಲು ಮಡಚಿಕೊಂಡು ಇಷ್ಟು ದೂರ ಬಂದು, ಇರೂ ಎರಡು ದಿನದಾಗ ಒಂದು ದಿನ ಗೋರಿ ನೋಡಾಕ ಕೊಡಬೇಕು?

— ಒಂದು ದಿನ ಅಲ್ರಿ, ಒಂದು ತಾಸು.

— ಸಣ್ಣ ಹುಡುಗೂರನ್ನ ಕೈ ಹಿಡಕೊಂಡು ಯಾರರ ಗೋರಿ ನೋಡಾಕ ಹೋಗತಾರೇನ?

— ವರ್ಷಾ ವರ್ಷಾ ಮಠಕ್ಕ ಹೋಗಿ ಅಜ್ಜಾರ ಗದ್ದಿಗಿಗೆ ಅಡ್ಡ ಬೀಳತೀರಿ. ಹುಡುಗೂರನ್ನ ಮನ್ಯಾಗ ಬಿಟ್ಟು ಹೋಗತೀರೇನು?

— ಅದು ಗದ್ದಿಗಿ!

— ಗದ್ದಿಗಿ ಕೆಳಗ ಏನಿರತೈತಿ?

— ಶ್ರದ್ಧಾ ಇರತೈತಿ, ಎಂದ ವಿಜಯಮಹಾಂತೇಶ. ಇಷ್ಟು ಛಲೋ ಉತ್ತರ ತನಗೆ ಹೊಳೆದದ್ದಕ್ಕೆ ತಾನೇ ಖುಷಿಯಾಗಿ ಮಕ್ಕಳ ಕಡೆ ನೋಡಿದ. ಮಕ್ಕಳು ಬೇರೆ ಕಡೆ ನೋಡುತ್ತಿದ್ದರು.

ಶನಿವಾರ ಬೆಳಗಿನ ಒಂಬತ್ತು ಗಂಟೆ. ಊರು ಪೋರ್ಚುಗಲ್ಲಿನ ಲಿಸ್ಬನ್. ಹೋಟೆಲಿನ ಎದುರಿನ ಫುಟ್‌ಪಾತಿನ ಮೇಲೆ ನಾಲ್ಕು ಜನ ನಿಂತಿದ್ದರು. ವಿಜಯಮಹಾಂತೇಶನಿಗೆ ಬ್ಯಾಡಗಿಯಲ್ಲಿ ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಸಣ್ಣದೊಂದು ಕಾರ್ಖಾನೆಯಿತ್ತು. ಸ್ಪೇನಿನಲ್ಲಿ ಮಸಾಲೆ ವ್ಯಾಪಾರಸ್ಥರ ಮೇಳವಿದೆಯೆಂದು ಬಂದವನು, ದಸರಾ ಸೂಟಿ ಇದ್ದದ್ದರಿಂದ ಇದೊಂದು ಸಲ ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಬಂದಿದ್ದ. ಮೇಳ ಶುಕ್ರವಾರಕ್ಕೆ ಮುಗಿಯಿತು. ಸೋಮವಾರ ವಾಪಸು ವಿಮಾನ. ನಡುವಿನ ಎರಡು ದಿನ ಹೋಟೆಲಿನಲ್ಲಿ ಕಾಲು ಚಾಚಿ ಮಲಗಬೇಕೆಂಬುದು ಅವನ ಲೆಕ್ಕ. ಆದರೆ ಶೈಲಾ ನಕಾಶೆ ಬಿಚ್ಚಿ ತೋರಿಸಿದ್ದಳು: ಸ್ಪೇನಿನ ಮಗ್ಗುಲಿಗೇ ಪೋರ್ಚುಗಲ್, ವಿಮಾನ ಹತ್ತಿ ಕೂತರೆ ಚಹಾ ಕುಡಿಯುವುದರೊಳಗೆ ಲಿಸ್ಬನ್.

ಶೈಲಾ ಹಾವೇರಿಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಟೀಚರು. ಹತ್ತನೇ ಇಯತ್ತೆಯ ಮಕ್ಕಳಿಗೆ ಯುರೋಪಿಯನ್ನರು ಭಾರತಕ್ಕೆ ಬಂದ ಪಾಠವನ್ನು ಹದಿನೆಂಟು ವರ್ಷದಿಂದ ಹೇಳುತ್ತ ಬಂದಿದ್ದಳು. ಪ್ರತಿ ಜೂನಿನಲ್ಲಿ ವಾಸ್ಕೋ ಡ ಗಾಮ ಲಿಸ್ಬನ್ನಿನಿಂದ ಹೊರಡುತ್ತಿದ್ದ. ನಾಲ್ಕನೇ ಪಿರಿಯಡ್ ಗಂಟೆ ಹೊಡೆಯುವುದರೊಳಗೆ ಕಲ್ಲಿಕೋಟೆ ಮುಟ್ಟುತ್ತಿದ್ದ. ಅಂಥವನ ಗೋರಿ ಇಲ್ಲೇ ನದಿಯ ದಂಡೆಯ ದೊಡ್ಡ ಚರ್ಚಿನಲ್ಲಿದೆ ಎನ್ನುವಾಗ ಅದನ್ನು ನೋಡದೆ ಹೋಗುವುದೆಂದರೆ ಏನು?

— ಹುಡುಗೂರು ನೋಡಬೇಕ್ರಿ, ಎಂದಳು. — ನಾ ಪುಸ್ತಕದಾಗಿಂದ ಹೇಳಿದ್ರ ಇವಕ್ಕ ನಿದ್ದಿ ಬರತೈತಿ. ಎದುರಿಗೆ ನಿಂದ್ರಿಸಿ ಹೇಳತೇನಿ.

— ಹೇಳು. ಯಾರು ಬ್ಯಾಡಂದ್ರು? ಆದ್ರ ಮೊದಲ...

ಮೊದಲೇನು ಎಂದು ಅವನು ಹೇಳುವ ಮೊದಲೇ ಓಣಿಯ ಮೂಲೆಯಿಂದ ಹಳದಿ ಬಣ್ಣದ ಟ್ರಾಮೊಂದು ಗಂಟೆ ಬಾರಿಸುತ್ತ ಬಂತು. ಒಂದೇ ಡಬ್ಬಿ, ಕಟ್ಟಿಗೆಯ ಕಿಟಕಿ, ಕುಡಿದವನ ಹಾಗೆ ಸ್ವಲ್ಪ ವಾಲಿಕೊಂಡು ಏರುದಾರಿ ಹತ್ತುತ್ತಿತ್ತು. ಆರು ವರ್ಷದ ಸಿದ್ದಲಿಂಗೇಶ ಕಿರುಚಿದ. ಹನ್ನೆರಡು ವರ್ಷದ ಸ್ನೇಹಾ ಎರಡು ದಿನದಲ್ಲಿ ಮೊದಲ ಸಲ ಫೋನಿನಿಂದ ತಲೆ ಎತ್ತಿದಳು.

— ಒಂದ ಸ್ಟಾಪು, ಎಂದ ವಿಜಯಮಹಾಂತೇಶ. — ಹುಡುಗೂರ ಸಲುವಾಗಿ.

ಒಂದು ಸ್ಟಾಪು ಕೊನೆಯ ಸ್ಟಾಪಾಯಿತು. ಕೊನೆಯ ಸ್ಟಾಪಿನಲ್ಲಿ ಸಿದ್ದು ಇಳಿಯುವುದಿಲ್ಲವೆಂದು ಕಂಬ ಅಪ್ಪಿಕೊಂಡ. ಹೊರಳಿ ಬಂದರು. ಇನ್ನೊಂದು ಕೊನೆಯಲ್ಲಿ ಸ್ನೇಹಾಳಿಗೆ ಈಗಷ್ಟೇ ಕಿಟಕಿ ಸೀಟು ಸಿಕ್ಕಿತ್ತು, ಅದನ್ನು ಬಿಟ್ಟು ಇಳಿಯುವುದು ಅನ್ಯಾಯವೆಂದಳು. ಮೂರನೇ ಸಲ ಯಾರೂ ಏನೂ ಅನ್ನಲಿಲ್ಲ. ಯಾಕೆಂದರೆ ವಿಜಯಮಹಾಂತೇಶ ಡ್ರೈವರನ ಹಿಂದೆ ನಿಂತು, ಅವನು ಹಿಡಿ ತಿರುವುವುದನ್ನು ಕಲಿಯುವವನ ಹಾಗೆ ಬಾಯಿ ತೆರೆದು ನೋಡುತ್ತಿದ್ದ. ನಡುವೆ ಇಳಿದು ಉಂಡದ್ದು, ಮತ್ತೆ ಹತ್ತಲು ಉದ್ದನೆಯ ಸಾಲಿನಲ್ಲಿ ನಿಂತದ್ದೂ ಆಯಿತು. ಶೈಲಾ ಪ್ರತಿ ತಿರುವಿನಲ್ಲಿ ವಾಚು ನೋಡಿದಳು. ಐದಾಯಿತು. ಚರ್ಚಿನ ಬಾಗಿಲು ಹಾಕಿತು.

— ಇವತ್ತು ಏನೇನ ನೋಡಿದಿವಿ, ಹೇಳ್ರಿ, ಎಂದಳು ಶೈಲಾ, ಹೋಟೆಲಿಗೆ ಬಂದು ಸಿದ್ದುವಿನ ಅಂಗಿಯ ಗುಂಡಿ ಹಾಕುತ್ತ.

— ಇಡೀ ಊರ ನೋಡಿದಿವಲ್ಲ!

— ಒಂದ ಓಣಿ. ಮೂರು ಸಲ.

— ಹೋಗೂವಾಗ ಎಡಕ್ಕ ನೋಡಿದಿವಿ, ಬರೂವಾಗ ಬಲಕ್ಕ ನೋಡಿದಿವಿ. ಬ್ಯಾರೆ ಬ್ಯಾರೆ ಆತಿಲ್ಲೋ? ಮಾಳಗಿ ಮ್ಯಾಲ ಅರಿವಿ ಒಣಾ ಹಾಕಿದ್ರು. ಥೇಟ್ ಹಾವೇರಿ ಹಂಗ ಐತಿ ನೋಡು.

— ಹಾವೇರಿ ಹಂಗಿದ್ದದ್ದ ನೋಡಾಕ ಹಾವೇರಿಗೇ ಹೋಗಬಹುದಿತ್ತು. ನಾ ದಿನಾ ಹೋಗತೇನಿ.

ಶೈಲಾ ಜೋರಾಗಿ ಬಯ್ದರೆ ವಿಜಯಮಹಾಂತೇಶನಿಗೆ ಚಿಂತೆಯಿರಲಿಲ್ಲ. ಸಣ್ಣ ದನಿಯಲ್ಲಿ, ಹೀಗೆ ಅಂಗಿಯ ಗುಂಡಿ ಹಾಕುತ್ತ ಹೇಳಿದರೆ ಮಾತ್ರ ಅದು ಖರೇ ನೋವು ಎಂದು ಹದಿನಾಲ್ಕು ವರ್ಷದ ಸಂಸಾರದಲ್ಲಿ ಕಲಿತಿದ್ದ.

ಭಾನುವಾರ ಹತ್ತಕ್ಕೆಲ್ಲ ಚರ್ಚಿನ ಮುಂದಿದ್ದರು. ಬಾಗಿಲಲ್ಲಿ ನಿಂತವನು ಕೈ ಅಡ್ಡ ಹಿಡಿದ. ಒಳಗೆ ಪ್ರಾರ್ಥನೆ ನಡೆದಿದೆ, ನೋಡುವವರು ಮಧ್ಯಾಹ್ನ ಎರಡರ ಮೇಲೆ ಬರಬೇಕು.

— ನಾ ಹೇಳಲಿಲ್ಲ? ಎಂದ ವಿಜಯಮಹಾಂತೇಶ. ಅವನು ಹಾಗೇನೂ ಹೇಳಿರಲಿಲ್ಲ. ಆದರೂ ಇಂಥ ಹೊತ್ತಿನಲ್ಲಿ ಅಂದುಬಿಡುವುದು ಒಂದು ರೂಢಿ.

ಎರಡರವರೆಗೆ ಏನು ಮಾಡುವುದು? ಪಕ್ಕದ ಬೀದಿಯಲ್ಲಿ ಒಂದು ಬೇಕರಿಯಿತ್ತು. ಅಂಗೈಯಷ್ಟಗಲದ ಸಿಹಿ ತಿನಿಸು: ಸುತ್ತ ಗರಿಗರಿ ಪದರು, ನಡುವೆ ಹಳದಿ ಕೆನೆ, ಮೇಲೆ ಅಲ್ಲಲ್ಲಿ ಸುಟ್ಟ ಮಚ್ಚೆ. ವಿಜಯಮಹಾಂತೇಶ ಒಂದನ್ನು ಎತ್ತಿ ಬಿಸಿಲಿಗೆ ಹಿಡಿದು, ಒಡೆದು, ಮೂಸಿ ನೋಡಿದ. ಕೊನೆಗೆ ತಿಂದ.

— ಈ ಬಣ್ಣ ನೋಡಿದೇನು? ಇದು ಕಾರ್ಖಾನಿ ಬಣ್ಣ ಅಲ್ಲ. ಅಸಲ್ ನೈಸರ್ಗಿಕ. ಅರಿಷಿಣ ಹಾಕ್ಯಾರೋ ಏನೋ.

ಶೈಲಾ ಗಾಜಿನ ಮೇಲಿನ ಇಂಗ್ಲಿಷ್ ಚೀಟಿ ಓದಿ, ಏನೋ ಹೇಳಲು ಬಾಯಿ ತೆರೆದು ಮುಚ್ಚಿದಳು. ಅವನು ಏಳು ತಿಂದ.

ಎರಡಕ್ಕೆ ಬಂದರೆ ಸರದಿ ಸಾಲು ಗೋಡೆಯ ಉದ್ದಕ್ಕೂ ಹೋಗಿ ಮೂಲೆಯಲ್ಲಿ ಕಾಣದಾಗಿತ್ತು. ಬಿಸಿಲು ಚುರುಗುಟ್ಟುತ್ತಿತ್ತು. ಹೊಟ್ಟೆ ತುಂಬಿದ್ದ ವಿಜಯಮಹಾಂತೇಶನಿಗೆ ಮಾತಾಡುವ ಹುರುಪು ಬಂತು.

— ಅಲ್ಲಾ, ಅಂವೇನ ಅಂಥಾದ್ದು ಮಾಡ್ಯಾನಂತ ಇಷ್ಟು ಮಂದಿ ನಿಂತಾರ?

— ಇಂಡಿಯಾಕ್ಕ ಸಮುದ್ರದ ದಾರಿ ಕಂಡುಹಿಡದಾನ.

— ಇಂಡಿಯಾ ಎಲ್ಲಿ ಕಳದಿತ್ತು?

— ಇವರಿಗೆ ಗೊತ್ತಿರಲಿಲ್ರಿ.

— ಗೊತ್ತಿಲ್ಲದವ್ರಿಗೆ ಗೊತ್ತಾತು ಅಷ್ಟ. ಅದಕ್ಕ ಇಷ್ಟು ದೊಡ್ಡ ಗುಡಿ ಕಟ್ಟಬೇಕೇನು?

— ಹಂಗ ಅನಬ್ಯಾಡ್ರಿ. ನಿಮ್ಮ ಧಂದೆ ನಡದದ್ದ ಈ ಮಂದಿಯಿಂದ. ಮೆಣಸಿನಕಾಯಿ ನಮ್ಮ ದೇಶಕ್ಕ ತಂದವ್ರ ಪೋರ್ಚುಗೀಸರು.

ಅವನು ನಿಂತಲ್ಲೇ ನಿಂತ. ಸಾಲು ಎರಡು ಹೆಜ್ಜೆ ಮುಂದೆ ಹೋಯಿತು. ಹಿಂದಿದ್ದ ಮುದುಕಿ ಕೆಮ್ಮಿದಳು.

— ಏನಂದಿ?

— ಮೆಣಸಿನಕಾಯಿ ತಂದವ್ರು ಇವ್ರು ಅಂದೆ. ಐನೂರು ವರ್ಷದ ಹಿಂದ ನಮ್ಮಲ್ಲೆ ಅದು ಇರಲೇ ಇಲ್ಲ.

— ಯಾರು ಹೇಳಿದ್ರು?

— ಪುಸ್ತಕದಾಗೈತಿ.

— ಆ ಪುಸ್ತಕ ಬರದವ ಒಂದ ಸಲರ ಬ್ಯಾಡಗಿ ಪ್ಯಾಟಿಗೆ ಬಂದಿದ್ದನೇನು? ಬ್ಯಾಡಗಿ ಮೆಣಸಿನಕಾಯಿ ಅಂತ ಇಡೀ ಜಗತ್ತಿನಾಗ ಹೆಸರೈತಿ. ಲಿಸ್ಬನ್ ಮೆಣಸಿನಕಾಯಿ ಅಂತ ನೀ ಎಲ್ಲರ ಕೇಳಿಯೇನು?

— ಇಲ್ಲೆ ಬೆಳದದ್ದಲ್ರಿ. ಇವರು ಅಮೆರಿಕಾದ ಕಡೆಯಿಂದ ತಂದ್ರು.

— ನೋಡು! ಮೊದಲ ಇವರು ಅಂದಿ, ಈಗ ಅಮೆರಿಕಾ ಅಂತಿ. ನಿನಗ ಖಾತ್ರಿ ಇಲ್ಲ.

— ಎರಡೂ ಖರೇನ ಐತ್ರಿ.

— ಮತ್ತ ಐನೂರು ವರ್ಷದ ಹಿಂದ ನಮ್ಮ ಮಂದಿ ಖಾರಕ್ಕ ಏನ ಹಾಕತಿದ್ರು?

— ಕರಿಮೆಣಸು.

— ಕರಿಮೆಣಸ ಹಾಕಿ ರಂಜಕ ಮಾಡಾಕ ಬರತೈತೇನು? ರೊಟ್ಟಿಗೆ ಏನ ಹಚ್ಚಿಕೋತಿದ್ರು? ನಮ್ಮ ಮುತ್ತಜ್ಜ ಎತ್ತಿನ ಬಂಡಿ ಮ್ಯಾಲ ಮೆಣಸಿನಕಾಯಿ ಹೇರಿಕೊಂಡು ಹುಬ್ಬಳ್ಳಿಗೆ ಹೋಗತಿದ್ದಾ!

— ಮುತ್ತಜ್ಜಾರು ನೂರು ವರ್ಷದ ಹಿಂದಿನವ್ರು.

— ಅವರಿಗೂ ಒಬ್ಬ ಮುತ್ತಜ್ಜ ಇರತಾನಲ್ಲ!

ಸ್ನೇಹಾ ನಡುವೆ ಬಾಯಿ ಹಾಕಿದಳು. — ಪಪ್ಪಾ, ಫೋನಿನ್ಯಾಗೂ ಮಮ್ಮಿ ಹೇಳಿದ್ದ ಐತಿ.

— ಫೋನ್ ಒಳಗಿಡು ಮೊದಲ, ಎಂದ. ಆಮೇಲೆ ಸಾಲಿನಲ್ಲಿ ನಿಂತವರನ್ನೂ ಎದುರಿನ ನದಿಯನ್ನೂ ಸಂಶಯದಿಂದ ನೋಡಿದ. — ನಿನ್ನಿ ಮಧ್ಯಾಹ್ನ ಇಲ್ಲೆ ಉಂಡಿವಲ್ಲ, ಅದರಾಗ ಎಲ್ಲರ ಖಾರ ಇತ್ತೇನು? ಉಪ್ಪು ಬಿಟ್ರ ಏನೂ ಇಲ್ಲ. ತಾವ ತಿನ್ನದ್ದನ್ನ ನಮಗ್ಯಾಕ ತಂದು ಕೊಡತಾರ?

— ಮಾರಾಕ. ನೀವು ತುಟಿಬಣ್ಣದವರಿಗೆ ಬಣ್ಣ ಮಾರತೀರಿ. ಹಚ್ಚಿಕೋತೀರೇನು?

ಹಿಂದಿದ್ದ ಮುದುಕಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಯಾರು ಗೆದ್ದರೆಂದು ತಿಳಿದು ಶೈಲಾಳ ಕಡೆ ನೋಡಿ ನಕ್ಕಳು.

ಗಂಟೆ ನಾಲ್ಕು ದಾಟಿದಾಗ ಬಾಗಿಲಿಗೆ ಇನ್ನು ಹನ್ನೊಂದು ಜನ ಇದ್ದರು. ಶೈಲಾ ಸೆರಗು ಸರಿಪಡಿಸಿಕೊಂಡಳು. ಅಷ್ಟರಲ್ಲಿ ಸಿದ್ದು ಅಪ್ಪನ ಅಂಗಿ ಜಗ್ಗಿದ.

— ಪಪ್ಪಾ, ಒಂದಕ್ಕ ಬಂದೈತಿ.

— ತಡಕೊಳೋ.

— ತಡಕೊಂಡದ್ದ ಮುಗದೈತಿ.

ವಿಜಯಮಹಾಂತೇಶ ಹೆಂಡತಿಯ ಮುಖ ನೋಡಿದ. — ನೀ ಸ್ನೇಹಾನ ಕರಕೊಂಡು ಒಳಗ ಹೋಗು. ನಾವು ಹಿಂದಿಂದ ಬರತೇವಿ.

— ನಾಲ್ಕೂ ಮಂದಿ ಕೂಡೇ ಹೋಗೂದು. ಲಗೂನ ಬರ್ರಿ.

ಲಗೂನೆ ಎಲ್ಲಿ ಬರುವುದು? ಮೊದಲು ಕೇಳಿದವನು ಎಡಕ್ಕೆ ಕೈ ತೋರಿಸಿದ, ಎರಡನೆಯವನು ಬಲಕ್ಕೆ. ಮೂರನೆಯವನು ಸಿದ್ದುವಿನ ಕುಣಿತ ನೋಡಿ ತಾನೇ ಮುಂದೆ ಓಡಿ ದಾರಿ ತೋರಿಸಿದ. ಕೆಲಸ ಮುಗಿಸಿ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡಿ ಬರುವಾಗ, ನುಣುಪಾದ ಕಲ್ಲು ಹಾಸಿನ ಮೇಲೆ ಬೂಟು ಜಾರಿ ಕಾಲು ಉಳುಕಿತು. ಕುಂಟುತ್ತ ಮೂಲೆ ತಿರುಗಿದರೆ ಕಂಡದ್ದು ಇದು: ಚರ್ಚಿನ ಬಾಗಿಲ ಪಕ್ಕದಲ್ಲಿ ಶೈಲಾ ಟ್ರಾಫಿಕ್ ಪೊಲೀಸರ ಹಾಗೆ ನಿಂತು ಹಿಂದಿನಿಂದ ಬಂದವರನ್ನೆಲ್ಲ "ನೀವು ನಡೀರಿ, ನೀವು ನಡೀರಿ" ಎಂದು ಕನ್ನಡದಲ್ಲೇ ಒಳಗೆ ಬಿಡುತ್ತಿದ್ದಳು. ತಾನು ಮಾತ್ರ ಹೋಗಿರಲಿಲ್ಲ. ಎಷ್ಟು ಜನರನ್ನು ಬಿಟ್ಟಿದ್ದಳೋ, ಆ ಮುದುಕಿ ಆಗಲೇ ಒಳಗೆ ಹೋಗಿ, ನೋಡಿ, ಹೊರಗೂ ಬಂದಿದ್ದಳು.

ಬಾಗಿಲಿನವನು ಇವರಿಗೆ ತನ್ನ ವಾಚು ತೋರಿಸಿದ. ಹದಿನೈದು ನಿಮಿಷ. ಆಮೇಲೆ ಮುಚ್ಚುತ್ತಾರೆ.

ಒಳಗೆ ತಂಪು, ಮಂದ ಬೆಳಕು. ಕಲ್ಲಿನ ಕಂಬಗಳು ತೆಂಗಿನಮರದ ಹಾಗೆ ಮೇಲೆ ಹೋಗಿ ಛಾವಣಿಯಲ್ಲಿ ಗರಿ ಬಿಚ್ಚಿದ್ದವು. ಬಾಗಿಲು ದಾಟುತ್ತಲೇ ಎಡಕ್ಕೊಂದು, ಬಲಕ್ಕೊಂದು ಗೋರಿ. ಎರಡರ ಮೇಲೂ ಗಡ್ಡ ಬಿಟ್ಟ ಕಲ್ಲಿನ ಮನುಷ್ಯ ಅಂಗಾತ ಮಲಗಿ ಎದೆಯ ಮೇಲೆ ಕೈಮುಗಿದಿದ್ದ. ಬಲಗಡೆಯ ಗೋರಿಯ ಮುಂದೆ ಅಲ್ಲಿನದೇ ಶಾಲೆಯ ಮಕ್ಕಳು ಗುಂಪಾಗಿ ನಿಂತಿದ್ದರು. ಅವರ ಟೀಚರು ಕೈ ಎತ್ತಿ ಎತ್ತಿ ಏನೋ ಹೇಳುತ್ತಿದ್ದರು.

— ಅಲ್ಲೆ ನೋಡ್ರಿ! ಸಾಲಿ ಹುಡುಗೂರನ್ನ ಕರಕೊಂಡು ಬಂದಾರಂದ್ರ ಅಂವನ.

ಶೈಲಾ ಮಕ್ಕಳ ಕೈ ಹಿಡಿದುಕೊಂಡು ಬಲಕ್ಕೆ ನಡೆದಳು. ವಿಜಯಮಹಾಂತೇಶನಿಗೆ ಕಾಲು ಊರಲಾಗುತ್ತಿರಲಿಲ್ಲ. ಕುಂಟಿಕೊಂಡು ಎಡಗಡೆಯ ಗೋರಿಯ ಬುಡದ ಕಟ್ಟೆ ಮೇಲೆ ಕುಳಿತ; ಬೂಟು ಬಿಚ್ಚಿ, ಕಾಲುಚೀಲ ಕಳಚಿ, ಹಿಮ್ಮಡಿ ತಿಕ್ಕತೊಡಗಿದ.

ಶಾಲೆ ಮಕ್ಕಳು ಹೊರಟುಹೋದರು. ಶೈಲಾಳ ಮಾತು ಈಗ ಸ್ಪಷ್ಟವಾಗಿ ಕೇಳಿಸಿತು. ಅವಳು ಜೋರಾಗಿ ಹೇಳುತ್ತಿರಲಿಲ್ಲ. ಆದರೆ ಅದು ಮನೆಯಲ್ಲಿನ ದನಿಯಲ್ಲ. ಕಲ್ಲಿಕೋಟೆಯ ದಂಡೆಯಲ್ಲಿ ಹಡಗು ನಿಂತದ್ದು, ದಾರಿಯಲ್ಲಿ ಅರ್ಧ ಜನ ರೋಗದಿಂದ ಸತ್ತದ್ದು, ತನ್ನ ಅಣ್ಣನನ್ನೇ ಮಣ್ಣು ಮಾಡಿ ಬಂದ ಗಾಮ ಗೆದ್ದು ಊರಿಗೆ ಬಂದರೂ ಮನೆಗೆ ಹೋಗದೆ ಕೂತದ್ದು. ಬಂದವನು ಮೆಣಸು ಒಯ್ದ, ಒಳ್ಳೆಯದು. ಮರುಸಲ ಬಂದಾಗ ಹಡಗು ಸುಟ್ಟ, ಮಂದಿಯನ್ನು ಕೊಂದ, ಅದನ್ನೂ ಮರೆಯಬಾರದು. ಸಿದ್ದು ಅಪ್ಪನ ಫೋನು ಹಿಡಿದುಕೊಂಡು ಬಾಯಿ ತೆರೆದು ಕೇಳುತ್ತಿದ್ದ. ಸ್ನೇಹಾಳ ಫೋನು ಅವಳ ಕೈಯಲ್ಲಿರಲಿಲ್ಲ. ಕೊನೆಗೆ ಶೈಲಾ ಕಲ್ಲಿನ ಮನುಷ್ಯನ ಕಡೆಗೇ ತಿರುಗಿದಳು.

— ನಿನ್ನ ಮ್ಯಾಲ ನನಗ ಸಿಟ್ಟೈತಪಾ. ಆದ್ರೂ ನಿನ್ನ ಹೆಸರ ಹೇಳಿ ಹದಿನೆಂಟು ವರ್ಷ ಅನ್ನ ತಿಂದೇನಿ. ಸಮುದ್ರ ಅಂದ್ರ ಕಾರವಾರದ್ದ ಬಿಟ್ಟು ಬ್ಯಾರೆ ನೋಡದಾಕಿ. ಒಂದ ಸಲ ನಿನ್ನ ನೋಡಬೇಕಂತ ಇತ್ತು. ನೋಡಿದೆ.

ಹೀಗಂದು ಕೈಮುಗಿದಳು.

ವಿಜಯಮಹಾಂತೇಶನಿಗೆ ಕಾಲು ತಿಕ್ಕುವುದು ಮರೆತುಹೋಯಿತು. ಈ ಹೆಂಗಸು ದಿನಾ ಬೆಳಗ್ಗೆ ಎಂಟರ ಬಸ್ಸು ಹಿಡಿಯಲು ಓಡುತ್ತಾಳೆ, ಸಂಜೆ ಕಟ್ಟು ಕಟ್ಟು ನೋಟ್‌ಬುಕ್ಕು ಹೊತ್ತು ತರುತ್ತಾಳೆ. ಇವಳ ತಲೆಯೊಳಗೆ ಹಡಗು ಓಡುತ್ತವೆಂದು ಅವನಿಗೆ ಗೊತ್ತಿರಲಿಲ್ಲ. ತನ್ನನ್ನು ಈಗ ಯಾರೂ ನೋಡದಿರಲೆಂದು ಮುಖ ತಿರುಗಿಸಿದ. ತಿರುಗಿಸಿದಲ್ಲಿ, ತಾನು ಆತುಕೊಂಡು ಕೂತ ಗೋರಿಯ ಮಗ್ಗುಲಿಗೆ ಒಂದು ಹಡಗು ಕೆತ್ತಿತ್ತು. ಅದರ ಹತ್ತಿರ ಹೆಸರಿತ್ತು. ಅಕ್ಷರ ಕೂಡಿಸಿಕೊಂಡು ಓದಿದ: ವಾಸ್ಕೋ ಡ ಗಾಮ.

ಮತ್ತೊಮ್ಮೆ ಓದಿದ. ಎದುರಿಗೆ ನೋಡಿದ. ಹೆಂಡತಿ ಕಣ್ಣೊರೆಸಿಕೊಂಡು ಆ ಬೇರೆ ಮನುಷ್ಯನ ಜೊತೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದಳು.

ಎರಡು ದಿನದಿಂದ, ಅಷ್ಟೇಕೆ, ಹದಿನಾಲ್ಕು ವರ್ಷದಿಂದ ಅವನು ಕಾದಿದ್ದ ಗಳಿಗೆ ಅದು. ಪುಸ್ತಕ ಓದಿದವಳೇ ತಪ್ಪಿದ್ದಳು. "ಏ ಶೈಲಾ, ಈ ಕಡೆ!" ಎಂದರೆ ಸಾಕು. ಅವನು ಬಾಯಿ ತೆರೆದ. ಕಾವಲಿನವನು ಬಂದು ಚಪ್ಪಾಳೆ ತಟ್ಟಿದ. ಹೊರಡಿ, ಹೊರಡಿ.

— ಏನ್ರಿ, ಏನೋ ಅನ್ನಾಕತ್ತಿದ್ರಿ?

— ಫೋಟೋ ಛಲೋ ಬಂತೇನು ಅಂತ ಕೇಳಿದೆ.

— ಭಾಳ ಛಲೋ ಬಂತ್ರಿ.

— ಸಾಕು ಬಿಡು. ನಡಿ.

ಹೊರಗೆ ಬಂದ ಮೇಲೆ ಸ್ನೇಹಾ ಅಪ್ಪನ ಮಗ್ಗುಲಿಗೆ ಬಂದು ಸಣ್ಣಗೆ ಹೇಳಿದಳು.

— ಪಪ್ಪಾ, ಅಲ್ಲೆ ಬ್ಯಾರೆ ಹೆಸರಿತ್ತು. ಅಂವ ಯಾರೋ ಕವಿಯಂತ, ಫೋನಿನ್ಯಾಗ ನೋಡಿದೆ.

— ಗೊತ್ತೈತಿ. ಸುಮ್ನಿರು.

— ಯಾಕ?

— ನಿಮ್ಮವ್ವನ ಮುಖಾ ನೋಡು.

ಸ್ನೇಹಾ ನೋಡಿದಳು. ಆಮೇಲೆ, — ಸುಮ್ನಿರತೇನಿ. ಇನ್ನೊಂದ ಸಲ ಟ್ರಾಮ್, ಎಂದಳು.

ಬ್ಯಾಡಗಿಗೆ ಬಂದು ಮುಟ್ಟಿದ್ದು ಬುಧವಾರ. ಗುರುವಾರದ ಹೊತ್ತಿಗೆ ಫೋಟೋ ಶಿಕ್ಷಕರ ಗುಂಪಿನಲ್ಲಿ ಬಿದ್ದಿತ್ತು. ಶುಕ್ರವಾರ ಹೆಡ್‌ಮಾಸ್ತರರು ಫೋನು ಮಾಡಿದರು: ಸೋಮವಾರ ಸಾಲಿ ಸುರುವಾಗುತ್ತಲೇ ಹತ್ತನೇ ಇಯತ್ತೆಯ ಮೂರೂ ಸೆಕ್ಷನ್ನಿಗೆ ದೊಡ್ಡ ಪರದೆ ಮೇಲೆ ತೋರಿಸಿಬಿಡಿ, ಮೇಡಂ. ಶೈಲಾ ಮನೆ ತುಂಬ ಹಾಡಿಕೊಂಡು ಓಡಾಡಿದಳು. ವಿಜಯಮಹಾಂತೇಶನಿಗೆ ಅನ್ನ ಸೇರಲಿಲ್ಲ. ಶನಿವಾರ ಪೇಟೆಯಲ್ಲಿ ದಲಾಲಿ ಅಂಗಡಿಯ ಫಕ್ರುದ್ದೀನನ ಮುಂದೆ ಕೂತು ಎಲ್ಲ ಹೇಳಿದ. ಫಕ್ರುದ್ದೀನ ಅವನ ಹೈಸ್ಕೂಲಿನ ದೋಸ್ತ.

— ಈಗ ಹೇಳಬೇಕೋ ಬ್ಯಾಡೋ?

— ಹೆಂಡ್ತಿ ತಪ್ಪು ಮಾಡ್ಯಾಳಂತ ಹೇಳಾಕ ವಾರಗಟ್ಟಲೆ ಯೋಚನಿ ಮಾಡಿದ ಗಂಡಸ್ರನ್ನ ನಾ ನೋಡಿಲ್ಲ. ನಿನಗ ಜ್ವರ ಬಂದಾವೇನು?

— ಮಜಾಕ ಬ್ಯಾಡೋ. ಅಕಿ ಕೈಮುಗದಾಳ ಮಾರಾಯಾ. ಕಣ್ಣಾಗ ನೀರ ತಂದಾಳ.

— ಸೋಮವಾರನೂ ತರತಾಳ. ಸಾಲಿ ಹುಡುಗೂರಂದ್ರ ಏನಂತ ತಿಳದಿ? ಮನಿಗೆ ಹೋಗಿ ಫೋನಿನ್ಯಾಗ ಹುಡುಕತಾರ, ಮರುದಿನ ಕರಿಹಲಗಿ ಮ್ಯಾಲ ಬರೀತಾರ. ಇವತ್ತ ಹೇಳು.

ಇವತ್ತು ಎಂದದ್ದು ಭಾನುವಾರ ಸಂಜೆಯಾಯಿತು. ಶೈಲಾ ಇಸ್ತ್ರಿ ಮಾಡುತ್ತಿದ್ದಳು.

— ಶೈಲಾ, ನಿನ್ನ ಮುಂದ ಒಂದ ಮಾತು ಮುಚ್ಚಿಟ್ಟೇನಿ. ಲಿಸ್ಬನ್ನಿನಾಗಿಂದು.

ಅವಳು ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿದಳು. — ಗೊತ್ತೈತ್ರಿ.

— ಗೊತ್ತೈತಿ?

— ಅವತ್ತ ಗೊತ್ತಾಗಿತ್ತು. ಮನಸಿಗೆ ಹಚ್ಚಿಕೋಬ್ಯಾಡ್ರಿ. ಪರದೇಶದಾಗ ಎಲ್ಲಾ ನಡೀತೈತಿ.

— ನಿನಗ ಬ್ಯಾಸರ ಆಗಲಿಲ್ಲ?

— ಮೊದಲಿಗೆ ಆತು. ಆದ್ರ ನೀವು ಅಷ್ಟು ಪ್ರೀತಿಯಿಂದ ತಿನ್ನಾಕತ್ತಿದ್ರಿ, ನಡುವ ಹೆಂಗ ಹೇಳ್ಲಿ?

— ತಿನ್ನೂದು?

— ಏಳು ತಿಂದ್ರಿ.

— ಅದರಾಗೇನಿತ್ತು?

— ಕೋಳಿ ತತ್ತಿ. ಆಮ್ಯಾಲ ನಿಮಗ ಗೊತ್ತಾಗೈತಿ ಅನಕೊಂಡಿದ್ದೆ.

ವಿಜಯಮಹಾಂತೇಶ ಗೋಡೆ ಹಿಡಿದುಕೊಂಡ. ಹುಟ್ಟಿದಾಗಿನಿಂದ ತತ್ತಿಯ ವಾಸನೆ ಬಂದರೆ ಬೀದಿ ಬದಲಿಸಿದವನು.

— ಆ ಬಣ್ಣ...?

— ತತ್ತಿ ಹಳದಿ. ನೀವು ನೈಸರ್ಗಿಕ ಅಂದಿದ್ದು ಖರೇನ ಆತು.

— ಅವ್ವನ ಮುಂದ ಹೇಳಬ್ಯಾಡ.

— ಹೇಳೂದಿಲ್ಲ. ಹಂಗಾರ ನೀವು ಮುಚ್ಚಿಟ್ಟದ್ದು ಯಾವುದು?

ಈಗ ಹೇಳದೆ ಗತಿಯಿರಲಿಲ್ಲ. ಅವನು ನೆಲ ನೋಡುತ್ತ ಹೇಳಿದ: ಎಡ, ಬಲ, ಹಡಗು, ಹೆಸರು. ಶೈಲಾ ಅಂಗಿಯ ಗುಂಡಿ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

— ನಾ ಯಾರಿಗೆ ಕೈಮುಗದೆ?

— ಯಾವನೋ ಕವಿಯಂತ.

— ಅವಂಗ ಅಷ್ಟೆಲ್ಲಾ ಬೈದೆ! ಹಡಗ ಸುಟ್ಟಿ, ಮಂದೀನ ಕೊಂದಿ ಅಂತ!

— ಅಂವೇನ ಅನ್ನಲಿಲ್ಲ ಬಿಡು.

— ಮತ್ತ ನೀವು ಅಲ್ಲೇ ಯಾಕ ಹೇಳಲಿಲ್ಲ? ಹೇಳಾಕ ನಿಮಗಿಂತ ಛಲೋ ಹೊತ್ತು ಯಾರಿಗೆ ಸಿಗತಿತ್ತು?

— ನೀ ಹೇಳೂದನ್ನ ಕೇಳಾಕತ್ತಿದ್ದೆ. ನಿನ್ನ ಪಾಠ ನಾ ಒಂದ ಸಲರ ಕೇಳಿದ್ದಿಲ್ಲ, ಎಂದ. ಹೇಳಿದ ಮೇಲೆ ನಾಚಿಕೆಯಾಗಿ, — ಕಾಲೂ ನೋಯಾಕತ್ತಿತ್ತು, ಎಂದು ಸೇರಿಸಿದ.

ಶೈಲಾ ಅವನನ್ನು ದಿಟ್ಟಿಸಿದಳು. ನಗುತ್ತಾಳೋ ಅಳುತ್ತಾಳೋ ಅವನಿಗೆ ತಿಳಿಯಲಿಲ್ಲ. ಅವಳು ಕೈ ಚಾಚಿದಳು.

— ಖರೇ ಗೋರಿ ಫೋಟೋ ಯಾರರ ತಗದಾರೇನು? ಫೋನ್ ಕೊಡ್ರಿ.

ಹುಡುಕಿದರು. ಸಿದ್ದು ಅಪ್ಪನ ಫೋನಿನಲ್ಲಿ ಟ್ರಾಮು ಅರವತ್ತು ತೆಗೆದಿದ್ದ, ಪಾರಿವಾಳ ನಲವತ್ತು. ಅದೆಲ್ಲದರ ಕೆಳಗೆ ಒಂದೇ ಒಂದು ಚರ್ಚಿನದು. ಕಲ್ಲಿನ ಗಾಮ ಹಿಂದೆ ಶಾಂತವಾಗಿ ಕೈಮುಗಿದು ಮಲಗಿದ್ದ. ಮುಂದೆ ವಿಜಯಮಹಾಂತೇಶ, ಬೂಟು ಒಂದು ಕಡೆ, ಕಾಲುಚೀಲ ಒಂದು ಕಡೆ, ಬರಿಗಾಲು ತೊಡೆಯ ಮೇಲೆ.

— ನನ್ನ ಕತ್ತರಿಸಿ ತಗಿ.

— ನಿಮ್ಮನ್ನ ಕತ್ತರಿಸಿದ್ರ ಗಾಮನ ತಲಿನೂ ಹೋಗತೈತ್ರಿ.

— ಹಂಗಾರ ತೋರಸಬ್ಯಾಡ!

— ತಪ್ಪು ಗೋರಿ ತೋರಸೂದಕ್ಕಿಂತ ಖರೇ ಗೋರಿ ಮುಂದ ನೀವು ಇದ್ರೂ ನಡೀತೈತಿ, ಎಂದು ಶೈಲಾ ಮತ್ತೆ ಇಸ್ತ್ರಿಗೆ ನಿಂತಳು.

ಸೋಮವಾರ ಅವನಿಗೆ ಕಾರ್ಖಾನೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಐದಕ್ಕೇ ಮನೆಗೆ ಬಂದು ಕಟ್ಟೆ ಮೇಲೆ ಕೂತ. ಆರಕ್ಕೆ ಶೈಲಾ ಬಸ್ಸಿಳಿದು ಬಂದಳು, ನೋಟ್‌ಬುಕ್ಕಿನ ಕಟ್ಟು ಹೊತ್ತುಕೊಂಡು. ಅವನು ಎದ್ದುಹೋಗಿ ಕಟ್ಟು ಇಸಿದುಕೊಂಡ.

— ತೋರಸಿದೇನು?

— ತೋರಸಿದೆ. ನನ್ನ ತಪ್ಪೂ ಹೇಳಿದೆ. ಹುಡುಗೂರು ಭಾಳ ಖುಷಿ ಆದ್ರು.

— ಮತ್ತ ನನ್ನ ನೋಡಿ ಏನಂದ್ರು?

— ಮೂರೂ ಸೆಕ್ಷನ್ನಿನ್ಯಾಗ ಒಂದ ಪ್ರಶ್ನಿ. ಮುಂದ ಬೂಟ ಬಿಚ್ಚಿ ಕುಂತವ್ರು ಯಾರ್ರೀ ಟೀಚರ್ ಅಂತ.

— ಏನ ಹೇಳಿದಿ?

— ಹಿಂದ ಮಲಗಿದಾಂವ ಇಂಡಿಯಾಕ್ಕ ದಾರಿ ಕಂಡುಹಿಡದಾ, ಮುಂದ ಕುಂತವ್ರು ಅವನ ಗೋರಿ ಕಂಡುಹಿಡದ್ರು, ಬ್ಯಾಡಗಿಯವ್ರು ಅಂತ ಹೇಳಿದೆ. ಹೆಸರೂ ಹೇಳಿದೆ. ಎಲ್ಲಾರೂ ಬರಕೊಂಡ್ರು.

ವಿಜಯಮಹಾಂತೇಶನ ಎದೆ ಉಬ್ಬಿತು. — ಬರಕೊಂಡ್ರು? ಮೂರೂ ಸೆಕ್ಷನ್ನಿನವ್ರು?

— ಹೂಂ. ಆಮ್ಯಾಲ ಸಿಮ್ರಾನ ಅಂತ ಹುಡುಗಿ ಎದ್ದು ನಿಂತು, ಇದು ಪರೀಕ್ಷಾಕ್ಕ ಬರತೈತೇನ್ರೀ ಟೀಚರ್ ಅಂತ ಕೇಳಿದ್ಲು.

— ನೀ ಏನಂದಿ?

— ಬರೂದಿಲ್ಲ ಅಂದೆ. ಎಲ್ಲಾರೂ ಫೂಟ್‌ಪಟ್ಟಿ ಇಟ್ಟು ಗೀಟ ಎಳದು ನಿಮ್ಮ ಹೆಸರ ಹೊಡದ ಹಾಕಿದ್ರು.